ಆಟಿಯಲ್ಲಿ ತಿಂದ ಮೀನು

ಹೌಗಾಂಗ್, ಸಿಂಗಾಪುರ
೧೪ ಸೆಪ್ಟೆಂಬರ್ ೨೦೨೪, ಶನಿವಾರ

ಪ್ರೀತಿಯ ಪ್ರಫುಲ್ಲಕ್ಕಾ,

ನಿನ್ನ ತಮ್ಮ ಜಯರಾಮ ಕಾಲು ಮುಟ್ಟಿ ಮಾಡುವ ನಮಸ್ಕಾರ. ಇಲ್ಲಿ ನಾನು, ಸರೋಜಾ, ತನ್ಮಯ್ ಮೂವರೂ ಸೌಖ್ಯ. ನಿನ್ನ ಮೊಣಕಾಲು ಹೇಗಿದೆ? ಬಂದರಿನಲ್ಲಿ ಬುಟ್ಟಿಯನ್ನು ತಲೆಗೆ ಎತ್ತಿಕೊಡಲು ಯಾರನ್ನಾದರೂ ಕರೆ ಎಂದು ನಾನು ಹೇಳುವುದು, ನೀನು ಹೂಂ ಎನ್ನುವುದು, ಮರುದಿನ ಒಬ್ಬಳೇ ಎತ್ತಿಕೊಳ್ಳುವುದು, ಇದು ನಡೆದೇ ಇದೆ. ದಿವಾಕರ ಭಾವನ ಕೆಮ್ಮು ಕಡಿಮೆಯಾಯಿತೇ? ಬೀಡಿ ಬಿಟ್ಟೆ ಎಂದು ಫೋನಿನಲ್ಲಿ ನನ್ನೊಡನೆ ಆಣೆ ಹಾಕಿದ್ದಾರೆ, ಹಾಕುವಾಗಲೇ ಎರಡು ಸಲ ಕೆಮ್ಮಿದರು. ಸ್ವಸ್ತಿಕನ ಕಾಲಿನ ಗಾಯ ಒಣಗುತ್ತಿದೆಯೇ? ಮೊನ್ನೆ ವಿಡಿಯೊದಲ್ಲಿ ಅವನು ಕಾಲು ತೋರಿಸಿದ, ಮುಖ ತೋರಿಸಲಿಲ್ಲ. ಯಾಕೆ ತೋರಿಸಲಿಲ್ಲ ಎಂದು ನನಗೆ ಗೊತ್ತು. ಈ ಕಾಗದ ಅದಕ್ಕೇ.

ವಾರಕ್ಕೆ ಎರಡು ಸಲ ಫೋನು ಮಾಡುವ ತಮ್ಮ ಇದ್ದಕ್ಕಿದ್ದಂತೆ ಕಾಗದ ಬರೆದನಲ್ಲ ಎಂದು ನಿನಗೆ ಗಾಬರಿಯಾದೀತು. ಗಾಬರಿ ಬೇಡ, ಯಾರಿಗೂ ಏನೂ ಆಗಿಲ್ಲ. ಈ ಮೂರು ವಾರಗಳಲ್ಲಿ ನಾಲ್ಕು ಸಲ ನಿನಗೆ ಹೇಳಲೆಂದೇ ಫೋನು ಹಿಡಿದೆ. ನಾಲ್ಕು ಸಲವೂ ನಿನ್ನ ದನಿ ಕೇಳಿದ ಕೂಡಲೇ ಬಾಯಿಗೆ ಒಂದು ತಮಾಷೆ ಬಂತು, ಅದನ್ನು ಹೇಳಿ ನಿನ್ನನ್ನು ನಗಿಸಿ ಫೋನು ಇಟ್ಟೆ. ನನ್ನ ನಾಲಗೆಯ ಹಣೆಬರಹವೇ ಅದು. ಕೈಗಾದರೆ ಅಷ್ಟು ಚಾಲಾಕಿ ಇಲ್ಲ, ಹೇಳಿದಷ್ಟೇ ಬರೆಯುತ್ತದೆ.

ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿದಾಗ ‘ಹರಕೆ ತಪ್ಪಿದೆ, ತಪ್ಪಿದವರು ಕುಟುಂಬದವರೇ’ ಎಂದು ಕಂಡುಬಂತು ಎಂದೆಯಲ್ಲ. ನಿನ್ನ ಸೊಸೆ ಸುರಕ್ಷಾಳೇ ತಪ್ಪಿದ್ದು ಎಂದು ಅವಳನ್ನು ಹೆಜಮಾಡಿಗೆ, ತಾಯಿಮನೆಗೆ ಕಳಿಸಿಬಿಟ್ಟೆಯಲ್ಲ. ಅಕ್ಕಾ, ತಪ್ಪಿದವಳು ಅವಳಲ್ಲ. ನಾನು.

ಈ ಸಾಲನ್ನು ಓದಿ ನೀನು ಕಾಗದವನ್ನು ಮಡಿಲಲ್ಲಿಟ್ಟು ಸ್ವಲ್ಪ ಹೊತ್ತು ಅಂಗಳ ನೋಡುತ್ತಿ. ನೋಡು. ಆಮೇಲೆ ಮುಂದೆ ಓದು. ಏನು ನಡೆಯಿತೋ ಅದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಫೆಬ್ರವರಿಯಲ್ಲಿ ನಾನು ರಜೆ ಹಾಕಿ ಬಂದಾಗ ಸ್ವಸ್ತಿಕನಿಗೆ ಎರಡನೇ ಆಪರೇಶನ್ ಆಗಿತ್ತು. ಬೋಟಿನ ಬಲೆ ಎಳೆಯುವ ಹಗ್ಗಕ್ಕೆ ಕಾಲು ಸಿಕ್ಕಿದವನು ಮತ್ತೆ ನಿಲ್ಲುವನೋ ಇಲ್ಲವೋ ಎಂದು ಡಾಕ್ಟರೂ ಬಾಯಿ ಬಿಟ್ಟು ಹೇಳದ ದಿನಗಳು. ಮದುವೆಯಾಗಿ ಎರಡು ತಿಂಗಳಾಗಿರಲಿಲ್ಲ. ಹುಡುಗಿಯ ಕಾಲ್ಗುಣ ಎಂದವಳೊಬ್ಬಳ ಮೇಲೆ ಬುಟ್ಟಿಯ ಮೀನಿನ ನೀರು ಚೆಲ್ಲಿ ಬಂದವಳು ನೀನು. ಆ ಸಂಜೆ ನಮ್ಮ ಕಡಲ ದೈವ ಬೊಬ್ಬರ್ಯನ ಗುಡಿಯ ಮುಂದೆ ಕೈಯಲ್ಲಿ ನೀರು ಹಿಡಿದು, ‘ನನ್ನ ಮಗ ತನ್ನ ಎರಡು ಕಾಲಿನಲ್ಲಿ ನಡೆದು ಈ ಅಂಗಳಕ್ಕೆ ಬರುವವರೆಗೆ ಮೀನು ನನ್ನ ನಾಲಗೆಗೆ ಸೋಕದು’ ಎಂದೆ. ಮೀನು ಮಾರುವವಳು, ಮೀನು ತಿಂದೇ ಬೆಳೆದವಳು. ಇದಕ್ಕಿಂತ ದೊಡ್ಡದನ್ನು ಬಿಡಲು ನಿನ್ನಲ್ಲಿ ಬೇರೆ ಏನಿತ್ತು? ನನ್ನನ್ನು ನೀನು ಕೇಳಲೇ ಇಲ್ಲ. ನಾನೇ ಮುಂದೆ ಬಂದು, ‘ಸೋದರಮಾವ ಅಂದರೆ ತಂದೆಗಿಂತ ಒಂದು ಹಿಡಿ ಹೆಚ್ಚು, ನನ್ನದೂ ಇರಲಿ’ ಎಂದು ಕೈ ಚಾಚಿದೆ. ಸುತ್ತ ನಿಂತವರು ‘ಮಾವ ಅಂದರೆ ಹೀಗಿರಬೇಕು’ ಎಂದರು. ಆ ಮಾತು ನನಗೆ ಆಗಲೇ ತುಂಬ ಹಿಡಿಸಿತ್ತು. ಸುರಕ್ಷಾ ಮಾತ್ರ ಹಿಂದೆ ನಿಂತಿದ್ದಳು. ಅಂದಿನಿಂದ ಅವಳೂ ತಿನ್ನುತ್ತಿಲ್ಲ ಎಂದು ಏಪ್ರಿಲಿನಲ್ಲಿ ನೀನೇ ನನಗೆ ಹೇಳಿದ್ದು. ಅವಳು ಯಾರ ಮುಂದೆಯೂ ನೀರು ಹಿಡಿದಿರಲಿಲ್ಲ ಅಕ್ಕಾ, ಸುಮ್ಮನೆ ಬಿಟ್ಟಿದ್ದಳು.

ಐದು ತಿಂಗಳು ನಾನೂ ಬಿಟ್ಟಿದ್ದೆ, ಅದು ಸುಳ್ಳಲ್ಲ. ಪಾಸಿರ್ ಪಂಜಾಂಗ್ ಬಂದರಿನ ನಮ್ಮ ಕ್ಯಾಂಟೀನಿನಲ್ಲಿ ದಿನಾ ತೋಫು ತಿಂದು ತಿಂದು, ಅನ್ನ ಬಡಿಸುವ ಚೀನೀ ಅಜ್ಜಿ ನಾನು ಸನ್ಯಾಸಿಯಾದೆನೆಂದೇ ತಿಳಿದಿದ್ದಳು.

ಜುಲೈ ಇಪ್ಪತ್ತರ ಶನಿವಾರ. ಊರಿನಲ್ಲಿ ಆಟಿ ತಿಂಗಳು ಹಿಡಿದು ನಾಲ್ಕೈದು ದಿನ. ನನ್ನ ಮೇಲಿನ ಅಧಿಕಾರಿ ದ್ವಾರಕನಾಥ ಎಂಬವರ ಬಗ್ಗೆ ಹೇಳಿದ್ದೇನಲ್ಲ, ಬೆಂಗಳೂರಿನವರು, ಒಳ್ಳೆಯ ಮನುಷ್ಯ. ಅವರ ಮಗಳು ತನಿಷಾ ಯಾವುದೋ ಚರ್ಚಾಸ್ಪರ್ಧೆಯಲ್ಲಿ ಗೆದ್ದಳೆಂದು ನಮ್ಮಿಬ್ಬರನ್ನೂ ಊಟಕ್ಕೆ ಕರೆದರು. ಪುಂಗೋಲಿನಿಂದ ನಮ್ಮ ಹೌಗಾಂಗಿಗೇ ಬಂದರು, ಯಾಕೆಂದರೆ ನಮ್ಮ ಬ್ಲಾಕಿನಿಂದ ಎರಡು ಬ್ಲಾಕ್ ಆಚೆ, ಕೆಳಗಿನ ಅಂಗಡಿಸಾಲಿನಲ್ಲಿ ಒಂದು ಮೆಕ್ಸಿಕೋದವರ ಮೀನಿನ ಹೋಟೆಲು ಆಗಿದೆ. ಎಂಟೇ ಮೇಜು. ಒಂದು ಬದಿಗೆ ಕ್ಷೌರದಂಗಡಿ, ಇನ್ನೊಂದು ಬದಿಗೆ ಹಲ್ಲಿನ ಡಾಕ್ಟರು. ಅಡುಗೆಯವನು ಅಲ್ಲಿಯ ಕಡಲ ಬದಿಯವನು, ಇಲ್ಲಿಯ ಚೀನೀ ಹುಡುಗಿಯನ್ನು ಮದುವೆಯಾಗಿ ಇಲ್ಲೇ ಉಳಿದವನು. ದಪ್ಪ ಮೀಸೆ, ಎರಡೂ ಮೊಣಕೈಯಲ್ಲಿ ಸುಟ್ಟ ಕಲೆ. ಮೆಕ್ಸಿಕೋ ಎಲ್ಲಿದೆ ಎಂದು ಭಾವ ಕೇಳಿದರೆ, ಅಮೆರಿಕದ ಕೆಳಗೆ, ನಮಗೆ ರಾತ್ರಿಯಾದರೆ ಅವರಿಗೆ ಹಗಲು ಎನ್ನು.

ಮೊದಲು ತಂದಿಟ್ಟದ್ದು ಹಸಿ ಸಿಗಡಿ. ಬೇಯಿಸಿಯೇ ಇಲ್ಲ. ನಿಂಬೆರಸ, ಹಸಿಮೆಣಸು, ನೀರುಳ್ಳಿ, ಸೌತೆ ಹಾಕಿ ಅಲ್ಲಾಡಿಸಿ ತಂದಿದ್ದರು. ಅಮ್ಮ ಇದ್ದಿದ್ದರೆ ‘ಒಲೆ ಹಚ್ಚುವ ಮೊದಲೇ ಬಡಿಸಿದರಲ್ಲ, ನೆಂಟರಿಗೆ ಅಷ್ಟು ಅವಸರವೇ’ ಎನ್ನುತ್ತಿದ್ದಳು. ಜೊತೆಗೆ ಮೆಕ್ಕೆಜೋಳದ ಅಂಗೈ ಅಗಲದ ರೊಟ್ಟಿ, ಬೆಣ್ಣೆಹಣ್ಣಿನ ಚಟ್ನಿ. ನಾನು ರೊಟ್ಟಿ, ಚಟ್ನಿ, ಕಾಳಿನ ಪಲ್ಯ ಹಾಕಿಕೊಂಡೆ. ಸರೋಜಾಳೂ ಅಷ್ಟೇ. ಫೆಬ್ರವರಿಯಿಂದ ಅವಳೂ ನನ್ನ ಜೊತೆ ಬಿಟ್ಟಿದ್ದಾಳೆ.

ಅಷ್ಟರಲ್ಲಿ ಅಡುಗೆಯವನು ಮಂಜುಗಡ್ಡೆಯ ತಟ್ಟೆಯಲ್ಲಿ ಮೂರು ಇಡೀ ಮೀನು ಹಿಡಿದು ಮೇಜಿಗೇ ಬಂದ. ಯಾವುದು ಬೇಕೋ ಆರಿಸಿ, ಅದನ್ನು ಸುಟ್ಟು ಕೊಡುತ್ತೇನೆ ಎಂದ. ಕೆಂಪು ಮೀನು, ನಮ್ಮ ಕೆಂಬೇರಿಯ ಜಾತಿ. ದ್ವಾರಕನಾಥ ‘ನಮ್ಮ ಜಯರಾಮ್ ಇರೋವಾಗ ನಾವ್ಯಾಕ್ ಸೆಲೆಕ್ಟ್ ಮಾಡ್ಬೇಕು? ಮೀನಿನ ಊರಿನವ್ರು, ನೀವೇ ನೋಡಿ ಸಾರ್’ ಎಂದರು. ನೋಡುವುದಕ್ಕೆ ಹರಕೆಯಿಲ್ಲವಲ್ಲ ಎಂದುಕೊಂಡು ನೋಡಿದೆ. ಕಣ್ಣು ನೋಡಿದೆ, ಕಿವಿರು ಎತ್ತಿ ಮೂಸಿದೆ, ಹೊಟ್ಟೆಯ ಬದಿ ಬೆರಳಿನಿಂದ ಒತ್ತಿದೆ. ‘ಇವೆರಡೂ ಮಂಜುಗಡ್ಡೆಯಲ್ಲಿ ಮೂರು ದಿನ ಮಲಗಿ ಎದ್ದವು, ಇದೊಂದು ಈ ಬೆಳಗಿನದು’ ಎಂದೆ. ಅಡುಗೆಯವನು ಬಾಯಿ ತೆರೆದು ನಿಂತ. ಆಮೇಲೆ ಗಟ್ಟಿಯಾಗಿ ನಕ್ಕು ನನ್ನ ಬೆನ್ನಿಗೆ ಹೊಡೆದು, ನಿಮ್ಮಪ್ಪ ಮೀನುಗಾರನಾ ಎಂದು ಕೇಳಿದ. ಅಪ್ಪ ದೋಣಿಯವನು, ಅಮ್ಮ ಬುಟ್ಟಿಯವಳು ಎಂದೆ. ಅವನ ಅಮ್ಮನೂ ಬುಟ್ಟಿಯವಳಂತೆ. ಪಕ್ಕದ ಮೇಜಿನವರೂ ತಿರುಗಿ ನೋಡುತ್ತಿದ್ದರು. ಅಕ್ಕಾ, ಹದಿನೇಳು ವರ್ಷ ಈ ಊರಿನಲ್ಲಿ ಕಂಟೈನರಿನ ನಂಬರು ಬರೆದುಕೊಂಡಿದ್ದೇನೆ, ನನಗೆ ಗೊತ್ತಿದ್ದುದಕ್ಕೆ ಯಾರೂ ಹಾಗೆ ಬೆರಗಾಗಿರಲಿಲ್ಲ. ನನ್ನ ತಲೆ ಅಲ್ಲೇ ತಿರುಗಿತು.

ಮತ್ತೆ ಕೇಳಬೇಕೇ? ಮಾತಿಗೆ ಕೂತೆ. ಗಾಳಕ್ಕೆ ಸಿಕ್ಕಿದ್ದು ಮೊಸಳೆಯೆಂದು ಹೆದರಿ ಅಪ್ಪ ಮುರುಕು ಚಾಪೆಯನ್ನು ದಡಕ್ಕೆಳೆದ ಕತೆ ಹೇಳಿದೆ, ಬಂದರಿನ ಏಲಂ ಕೂಗಿ ತೋರಿಸಿದೆ. ತನಿಷಾ ಕಣ್ಣರಳಿಸಿ ಕೇಳುತ್ತಿದ್ದವಳು ನಡುವೆ, ‘ಅಂಕಲ್, ಇಷ್ಟೆಲ್ಲ ಗೊತ್ತು, ಆದ್ರೆ ನೀವೇ ತಿಂತಿಲ್ಲ! ವೈ ಲಾ?’ ಎಂದಳು. ಆಗ ಹರಕೆಯ ವಿಷಯ ಹೇಳಲೇಬೇಕಾಯಿತು. ಹೇಳಿದೆ. ಮೇಜು ಒಮ್ಮೆಲೇ ಮೌನವಾಯಿತು. ದ್ವಾರಕನಾಥರ ಹೆಂಡತಿ ‘ಅಯ್ಯೋ ಪಾಪ, ಅವ್ರನ್ನ ಫೋರ್ಸ್ ಮಾಡ್ಬೇಡಿ’ ಎಂದು ಮೀನಿನ ತಟ್ಟೆಯನ್ನು ನನ್ನಿಂದ ದೂರ ಸರಿಸಿದರು. ಒಳ್ಳೆಯತನದಿಂದಲೇ ಸರಿಸಿದರು. ನನಗೆ ಮಾತ್ರ ಮೈಯೆಲ್ಲ ಮುಳ್ಳಾಯಿತು. ಈಗಷ್ಟೇ ಶಹಬ್ಬಾಸ್ ಎನಿಸಿಕೊಂಡವನು ಒಂದೇ ಗಳಿಗೆಯಲ್ಲಿ ಪಾಪದವನಾಗಿದ್ದೆ. ಹಳ್ಳಿಯ ಹರಕೆಯವನು ಎಂದು ಅವರೆಲ್ಲ ಮರುಕಪಡುವ ಹಾಗಾಯಿತಲ್ಲ ಎಂದು ನಾಚಿಕೆಯಾಯಿತು. ನಾಚಿಕೆಪಡಬೇಕಾದ್ದು ಮುಂದೆ ಇತ್ತು, ನಾನು ಪಡಬಾರದ ಜಾಗದಲ್ಲಿ ಪಟ್ಟೆ.

ಇಲ್ಲಿಂದ ಮುಂದಿನದನ್ನು ಬರೆಯಲು ನಿನ್ನೆ ಆಗಲಿಲ್ಲ, ಎದ್ದುಹೋದೆ. ಇವತ್ತು ಬರೆಯುತ್ತೇನೆ.

ಆ ಮೌನವನ್ನು ಒಡೆಯಲು ನಾನು ನಿನ್ನನ್ನು ಬಳಸಿದೆ ಅಕ್ಕಾ. ಮೇ ತಿಂಗಳಲ್ಲಿ ನೀನು ಫೋನಿನಲ್ಲಿ ಒಂದು ಮಾತು ಹೇಳಿದ್ದೆ, ನೆನಪಿದೆಯೇ? ದಿನವಿಡೀ ಮೀನು ಮಾರಿ ಬಂದು, ಹುಣಸೆಹುಳಿ ತಿಕ್ಕಿ ಕೈ ತೊಳೆದು, ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ಕೂತರೆ ಪಕ್ಕದ ಮನೆಯಿಂದ ಬಂಗುಡೆ ಹುರಿಯುವ ಪರಿಮಳ ಬರುತ್ತದೆ, ಆ ಸೆಕೆಯಲ್ಲೂ ಎದ್ದು ಕಿಟಕಿ ಮುಚ್ಚುತ್ತೇನೆ ಎಂದಿದ್ದೆ. ಹೇಳುತ್ತ ನಕ್ಕಿದ್ದೆ, ನಗುತ್ತ ಮೂಗು ಎಳೆದುಕೊಂಡಿದ್ದೆ. ಯಾರಿಗೂ ಹೇಳಬೇಡ ಎಂದಿದ್ದೆ. ಅದನ್ನು ನಾನು ಅಲ್ಲಿ ಆಡಿ ತೋರಿಸಿದೆ. ಎದ್ದು ನಿಂತು, ತಲೆಯ ಮೇಲೆ ಬುಟ್ಟಿಯಿರುವ ಹಾಗೆ ಕೈಯೆತ್ತಿ, ನಿನ್ನ ಮೊಣಕಾಲಿನ ಕುಂಟನ್ನೂ ಸೇರಿಸಿ ನಡೆದೆ. ಗಂಜಿಯ ಮುಂದೆ ಕೂತು ಮೂಗು ಅರಳಿಸಿ, ಹಲ್ಲು ಕಚ್ಚಿ, ಕಿಟಕಿ ಮುಚ್ಚಿದೆ. ‘ಬೊಬ್ಬರ್ಯಾ, ನೀನೂ ಕಿಟಕಿ ಮುಚ್ಚಿಕೋ, ನನ್ನ ನಾಲಗೆ ನಿನ್ನ ಕಡೆಗೇ ಬರುತ್ತಿದೆ’ ಎಂದು ನಿನ್ನ ದನಿಯಲ್ಲಿ ಕೂಗಿದೆ. ಅದು ನೀನು ಹೇಳಿದ್ದಲ್ಲ, ನಾನು ಕಟ್ಟಿದ್ದು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಭಾಷೆ ಬಾರದ ಅಡುಗೆಯವನೂ ನಕ್ಕ. ಸರೋಜಾ ನಗಲಿಲ್ಲ. ಮೇಜಿನ ಕೆಳಗೆ ನನ್ನ ಕಾಲನ್ನು ಒತ್ತಿದಳು. ನಾನು ಕಾಲು ಎಳೆದುಕೊಂಡೆ.

ಒಮ್ಮೆ ನಕ್ಕುಬಿಟ್ಟ ಮೇಲೆ ಹರಕೆಗೆ ಏನು ಉಳಿಯುತ್ತದೆ ಹೇಳು. ಅದೇ ಹೊತ್ತಿಗೆ ಮೀನು ಬಂತು. ಬೆನ್ನಿನಿಂದ ಸೀಳಿ, ಪುಸ್ತಕ ಬಿಚ್ಚಿದ ಹಾಗೆ ಬಿಚ್ಚಿ, ಕೆಂಪು ಮೆಣಸಿನ ಮಸಾಲೆ ಬಳಿದು ಕೆಂಡದ ಮೇಲೆ ಸುಟ್ಟದ್ದು. ಅಡುಗೆಯವನು ತಲೆಯ ಭಾಗವನ್ನು ಬೇರೆ ತಟ್ಟೆಗೆ ಹಾಕಿ ನನ್ನ ಮುಂದೆ ಇಟ್ಟ. ಆರಿಸಿದವನಿಗೇ ತಲೆಯಂತೆ, ಅವನ ಊರಿನ ಪದ್ಧತಿ. ದ್ವಾರಕನಾಥ ‘ಬಿಡಿ ಸಾರ್, ನಿಮ್ಮಕ್ಕನ ಕಿಟಕಿ ಹೇಗೂ ಕ್ಲೋಸ್ ಆಗಿದೆ, ಇಲ್ಲಿಂದ ಅಲ್ಲೀವರೆಗೆ ಸ್ಮೆಲ್ ಹೋಗಲ್ಲ!’ ಎಂದರು. ಮತ್ತೆ ನಗು. ನನ್ನ ತಮಾಷೆಯನ್ನೇ ನನಗೆ ತಿರುಗಿಸಿ ಕೊಟ್ಟಿದ್ದರು, ಅವರ ಮೇಲೆ ಸಿಟ್ಟಾಗುವುದು ಹೇಗೆ? ನನಗೆ ಹಸಿವಿರಲಿಲ್ಲ ಅಕ್ಕಾ, ಹೊಟ್ಟೆ ತುಂಬಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಆ ನೋಟ ಇನ್ನೂ ಸ್ವಲ್ಪ ಹೊತ್ತು ಇರಲಿ ಅನಿಸಿತು. ಅಷ್ಟಕ್ಕೇ ತಿಂದೆ. ‘ಕೆನ್ನೆಯ ಮಾಂಸ ತೆಗೆಯುವುದು ಹೀಗೆ, ಕಣ್ಣಿನ ಹಿಂದಿನದನ್ನು ಹೀರುವುದು ಹೀಗೆ’ ಎಂದು ಪಾಠ ಮಾಡುತ್ತ ತಿಂದೆ. ಮುಳ್ಳು ಬಿಟ್ಟರೆ ಏನೂ ಉಳಿಯಲಿಲ್ಲ. ರುಚಿಯಾಗಿತ್ತು. ಅದನ್ನೂ ಮುಚ್ಚಿಡುವುದಿಲ್ಲ.

ಮನೆಗೆ ಬರುವಾಗ ನಮ್ಮ ಬ್ಲಾಕಿನ ಕೆಳಗಿನ ತೆರೆದ ವಾಯ್ಡ್ ಡೆಕ್ಕಿನಲ್ಲಿ ಲಿಫ್ಟಿಗೆ ಕಾಯುತ್ತ ಸರೋಜಾ ‘ಅಕ್ಕನಿಗೆ ನೀವೇ ಹೇಳ್ಬೇಕು, ನಾನು ಹೇಳುವುದಿಲ್ಲ’ ಎಂದಳು. ಅಷ್ಟೇ. ಅವಳು ಇವತ್ತಿಗೂ ಮೀನು ತಿನ್ನುತ್ತಿಲ್ಲ. ಹೇಳಿದರಾಯಿತು, ಒಂದು ಪ್ರಾಯಶ್ಚಿತ್ತ ಮಾಡಿದರಾಯಿತು ಎಂದು ನಾನು ದಿನ ದೂಡಿದೆ. ಆಗಸ್ಟ್ ಮೊದಲ ವಾರ ಸ್ವಸ್ತಿಕನ ಗಾಯ ಕೀವು ಕಟ್ಟಿ ಜ್ವರ ಬಂತು. ಆಗಲೂ ಹೇಳಲಿಲ್ಲ. ಮದುವೆಯಾದ ಮೊದಲ ಆಟಿಗೆ ತಾಯಿಮನೆಗೆ ಹೋಗುವ ಶಾಸ್ತ್ರ ತಪ್ಪಬಾರದು ಎಂದು ಹತ್ತು ದಿನದ ಮಟ್ಟಿಗೆ ಸುರಕ್ಷಾಳನ್ನು ಕಳಿಸಿದವಳು ನೀನೇ. ಅವಳು ಅಲ್ಲಿದ್ದಾಗಲೇ ಜ್ವರ ಬಂದದ್ದು ಅವಳ ಗ್ರಹಚಾರ. ಜ್ವರದ ಸುದ್ದಿ ಕೇಳಿ ಅವಳು ತಿರುಗಿ ಬಂದ ಮೇಲೆ ಪ್ರಶ್ನೆಯಲ್ಲಿ ಆ ಮಾತು ಬಂತು. ತಾಯಿಮನೆಯಲ್ಲಿ ಹುಡುಗಿ ಏಡಿಸಾರು ಉಂಡಿರಬೇಕು ಎಂದು ನೀವೆಲ್ಲ ಲೆಕ್ಕ ಹಾಕಿದಿರಿ. ‘ಅಮ್ಮ ಬಡಿಸಲು ಬಂದಳು, ನಾನು ಎಲೆಗೆ ಕೈ ಅಡ್ಡ ಹಿಡಿದು ಉಪ್ಪಿನಕಾಯಿಯಲ್ಲಿ ಉಂಡೆ’ ಎಂದು ಅವಳು ಅತ್ತಳಂತೆ. ಯಾರು ನಂಬುತ್ತಾರೆ?

ನೀನು ಆ ದಿನ ಫೋನಿನಲ್ಲಿ ಇದನ್ನೆಲ್ಲ ಹೇಳಿ, ‘ಜಯರಾಮಾ, ನನಗೇ ಪೂರ್ತಿ ನಂಬಿಕೆ ಬರುವುದಿಲ್ಲ, ನೀನು ಏನು ಹೇಳುತ್ತಿ?’ ಎಂದು ಕೇಳಿದೆ. ನಿನ್ನ ಮನಸ್ಸು ಇನ್ನೂ ಗಟ್ಟಿಯಾಗಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೂ ಸಾಕಿತ್ತು, ಅವಳನ್ನು ನೀನು ಇಟ್ಟುಕೊಳ್ಳುತ್ತಿದ್ದೆ. ನಾನು ಏನು ಹೇಳಿದೆ? ‘ಸಣ್ಣ ಪ್ರಾಯ ಅಕ್ಕಾ, ನಾಲಗೆ ತಡೆದಿರಲಿಕ್ಕಿಲ್ಲ. ಕ್ಷಮಿಸಿಬಿಡು’ ಎಂದೆ.

ಕ್ಷಮಿಸಿಬಿಡು ಎಂದೆ ಅಕ್ಕಾ. ಮಾಡದ ತಪ್ಪಿಗೆ ಆ ಹುಡುಗಿಯನ್ನು ನಾನು ಕ್ಷಮಿಸಿದೆ. ದೊಡ್ಡ ಮನಸ್ಸಿನ ಸೋದರಮಾವ ಎಂದು ನೀನು ಫೋನಿನಲ್ಲೇ ಕಣ್ಣೀರು ಹಾಕಿದೆ. ನನ್ನ ಆ ಒಂದು ಮಾತಿನಿಂದ ನಿನ್ನ ಅನುಮಾನ ಗಟ್ಟಿಯಾಯಿತು. ಮರುದಿನ ಅವಳು ಬಟ್ಟೆಯ ಚೀಲ ಹಿಡಿದು ಬಸ್ಸು ಹತ್ತಿದಳು. ಮೀನಿನ ತಲೆ ತಿಂದದ್ದು ಬೊಬ್ಬರ್ಯನಿಗೂ ನನಗೂ ಇರುವ ಲೆಕ್ಕ, ಅದನ್ನು ಅವನು ಯಾವಾಗ ಕೇಳಿದರೂ ನಾನು ತಲೆ ಬಗ್ಗಿಸುತ್ತೇನೆ. ಗಾಯ ಕೀವಾದದ್ದು ನನ್ನಿಂದಲೋ, ಕಾಲಿನೊಳಗೆ ಹಾಕಿದ ಸರಳಿನಿಂದಲೋ, ಡಾಕ್ಟರು ಒಂದು ಹೇಳುತ್ತಾರೆ, ಪ್ರಶ್ನೆ ಒಂದು ಹೇಳುತ್ತದೆ, ನನಗೆ ತಿಳಿಯದು. ಆದರೆ ಈ ಹುಡುಗಿಗೆ ನಾನು ಮಾಡಿದ್ದನ್ನು ತಿಳಿಯಲು ಯಾವ ಪ್ರಶ್ನೆಯೂ ಬೇಡ.

ನೀನು ನಿನ್ನ ಹರಕೆಯನ್ನು ಮತ್ತೆ ಮೊದಲಿನಿಂದ ಹಿಡಿಯಬೇಡ, ನಿನ್ನದು ಎಲ್ಲಿಯೂ ತಪ್ಪಿಲ್ಲ. ನನ್ನದನ್ನು ನಾನು ಮೊದಲಿನಿಂದ ಹಿಡಿದಿದ್ದೇನೆ. ಡಿಸೆಂಬರಿನಲ್ಲಿ ಬಂದು ಅದೇ ಅಂಗಳದಲ್ಲಿ, ಅದೇ ಜನರ ಮುಂದೆ ನಿಂತು ಹೇಳುತ್ತೇನೆ. ನಿನ್ನನ್ನು ಆಡಿ ತೋರಿಸಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಕ್ಷಮೆ ಎಂಬ ಮಾತನ್ನು ನಾನು ಎಷ್ಟು ಅಗ್ಗ ಮಾಡಿದ್ದೇನೆ ಎಂದು ಈಗಷ್ಟೇ ಬರೆದೆನಲ್ಲ. ದ್ವಾರಕನಾಥರ ಮನೆಗೆ ಹೋಗಿ, ಕಿಟಕಿ ಮುಚ್ಚಿದ್ದು ನಗುವ ವಿಷಯವಲ್ಲ, ಅಕ್ಕ ಹಾಗೆ ಕೂಗಿರಲೂ ಇಲ್ಲ ಎಂದು ಹೇಳಿ ಬಂದೆ. ತನಿಷಾ ‘ಸಾರಿ ಅಂಕಲ್’ ಎಂದಳು. ಅವಳದ್ದೇನು ತಪ್ಪು?

ದಿವಾಕರ ಭಾವನಿಗೆ ನಮಸ್ಕಾರ. ಸ್ವಸ್ತಿಕನಿಗೆ ನಾನೇ ಬೇರೆ ಹೇಳುತ್ತೇನೆ, ಆದರೆ ಕಾಗದ ನೀನು ಮೊದಲು ಓದು. ಮಾತ್ರೆ ತಪ್ಪಿಸಬೇಡ. ಚಳಿಗೆ ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಸರೋಜಾಳೂ ತನ್ಮಯನೂ ನಿನ್ನನ್ನು ಕೇಳಿದ್ದಾರೆ.

ನಿನ್ನ ತಮ್ಮ,
ಜಯರಾಮ

ಮರೆತೆ ಎನ್ನುವ ಹಾಗಿಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಇಟ್ಟದ್ದು: ತಮ್ಮನ ಮಾನ ಹೋಗುತ್ತದೆ ಎಂದು ನೀನು ಈ ಕಾಗದವನ್ನು ಒಲೆಗೆ ಹಾಕಿ, ‘ಏನೋ ಆಯಿತು, ಬಾ ಮಗಳೇ’ ಎಂದು ಸುರಕ್ಷಾಳನ್ನು ಕರೆದು ತರುತ್ತಿ. ನನ್ನ ಪೆಟ್ಟುಗಳನ್ನೆಲ್ಲ ಅಪ್ಪನಿಂದ ನೀನೇ ತಿಂದವಳು, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಹಾಗೆ ಕರೆದರೆ ಅವಳು ಕ್ಷಮೆ ಸಿಕ್ಕಿದವಳಾಗಿ ಬರುತ್ತಾಳೆ, ತಪ್ಪು ಮಾಡದವಳಾಗಿ ಅಲ್ಲ. ಆದ್ದರಿಂದ ಇದೇ ಕಾಗದವನ್ನು ಇನ್ನೊಮ್ಮೆ ಕೈಯಾರೆ ಬರೆದು ಹೆಜಮಾಡಿಗೆ, ಅವಳ ಹೆಸರಿಗೆ ರಿಜಿಸ್ಟರ್ ಮಾಡಿದ್ದೇನೆ. ನಿನ್ನದನ್ನು ನಾಲ್ಕು ದಿನ ತಡೆದು ಈಗ ಹಾಕುತ್ತಿದ್ದೇನೆ, ಅವಳದ್ದು ಮೊದಲು ಮುಟ್ಟಲಿ ಎಂದು. ನೀನು ಇದನ್ನು ಓದುವಾಗ ಅವಳಿಗೆ ಎಲ್ಲ ಗೊತ್ತಿರುತ್ತದೆ. ಅವಳ ಮನೆಯ ಬಾಗಿಲಿಗೆ ನೀನೇ ಹೋಗಿ ನಿಲ್ಲು ಅಕ್ಕಾ. ಅವಳು ಬರುವುದಿಲ್ಲ ಎಂದರೆ, ಅದು ಅವಳ ಇಷ್ಟ.